ಮೇಲ್ ಕಂಪನಿ ಕೈಬದಲಾದಾಗ: ಒಂದು ಆಡಿಟರ್ ಆಫೀಸಿನ ಪ್ರಕರಣ

ಮಧ್ಯ ಕರ್ನಾಟಕದ ಒಂದು ಊರಿನ ಚಾರ್ಟರ್ಡ್ ಅಕೌಂಟೆಂಟ್ ಆಫೀಸಿನಲ್ಲಿ 2023ರಲ್ಲಿ ನಡೆದದ್ದು ಇದು. ಆ ಆಫೀಸಿನ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವವನು ನಾನು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಜನ, ತೊಂದರೆ ಕೊಟ್ಟ ಕಂಪನಿ, ಯಾವುದರ ಹೆಸರೂ ಇಲ್ಲಿಲ್ಲ. ಗುರುತು ಹತ್ತುವಂಥ ಒಂದೆರಡು ಸಣ್ಣ ವಿವರಗಳನ್ನು ಬದಲಾಯಿಸಿದ್ದೇನೆ. ಹೆಸರು ಹಿಡಿದು ಹೇಳಿರುವ ಬೇರೆ ಕಂಪನಿಗಳ ಸಂಗತಿಗಳು ಮಾತ್ರ ಸುದ್ದಿಯಲ್ಲಿ ಬಂದಂಥವು.

ಹಿನ್ನೆಲೆ

ಆಫೀಸಿನಲ್ಲಿ ಇಬ್ಬರು ಪಾರ್ಟ್ನರ್‌ಗಳು. ಹಿರಿಯರನ್ನು ಊರೆಲ್ಲ ಆಡಿಟರ್ ಸಾರ್ ಅನ್ನುತ್ತದೆ. ಇನ್ನೊಬ್ಬರು ಅವರ ಅಣ್ಣನ ಮಗಳು. ಆರ್ಟಿಕಲ್ ಹುಡುಗರಿಗೆ, ಅಂದರೆ ಸಿಎ ತರಬೇತಿಗೆ ಬಂದವರಿಗೆ, ಅವರು ಮೇಡಂ. ಕ್ಲೈಂಟ್‌ಗಳು ಅಂದರೆ ರೈಸ್ ಮಿಲ್‌ಗಳು, ಅಡಿಕೆ ಮಂಡಿಗಳು, ಎರಡು ಮೂರು ಪತ್ತಿನ ಸಹಕಾರ ಸಂಘ, ಕೆಲವು ಪ್ರೈವೇಟ್ ಲಿಮಿಟೆಡ್ ಕಂಪನಿಗಳು.

ಸಾರ್ ಅವರ ಹಳೆಯ ವಿಸಿಟಿಂಗ್ ಕಾರ್ಡಿನಲ್ಲಿ ಇದ್ದದ್ದು ರೆಡಿಫ್‌ಮೇಲ್ ವಿಳಾಸ. ಆಮೇಲೆ ಒಂದು ವೆಬ್‌ಸೈಟ್ ಬೇಕು ಅನ್ನಿಸಿತು. ಅದೇ ಊರಿನ ಒಬ್ಬ ಹುಡುಗ ಮಾಡಿಕೊಟ್ಟ. ವಿದೇಶದ ಒಂದು ಸಣ್ಣ ಕಂಪನಿಯಲ್ಲಿ ಡೊಮೈನ್, ಅಂದರೆ ಇಂಟರ್ನೆಟ್ಟಿನಲ್ಲಿ ಆಫೀಸಿನ ಸ್ವಂತ ಹೆಸರು, ಕೊಂಡವನೂ ಅವನೇ. ಡೊಮೈನ್ ಜೊತೆ ಮೇಲ್‌ಬಾಕ್ಸ್ ಉಚಿತ. ಆಫೀಸಿನ ಹೆಸರಿನಲ್ಲೇ ಮೇಲ್ ವಿಳಾಸ ಬಂತು, ಎಲ್ಲರಿಗೂ ಖುಷಿ. ವರ್ಷಗಟ್ಟಲೆ ತಕರಾರಿಲ್ಲದೆ ನಡೆಯಿತು. ಚೆನ್ನಾಗಿ ನಡೆಯುವಾಗ ಅದರ ಒಡೆಯ ಯಾರು ಅಂತ ಯಾರು ಕೇಳುತ್ತಾರೆ?

ಆಡಿಟರ್ ಆಫೀಸಿಗೆ ಮೇಲ್ ಎಷ್ಟು ಮುಖ್ಯ ಅನ್ನೋದು ಹೊರಗಿನವರಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಆದಾಯ ತೆರಿಗೆಯ ನೋಟಿಸ್‌ಗಳು ಈಗ ಪೋರ್ಟಲ್‌ಗೂ ಮೇಲ್‌ಗೂ ಬರುತ್ತವೆ. ಉತ್ತರಕ್ಕೆ ಗಡುವು ಇರುತ್ತದೆ. ಜಿಎಸ್‌ಟಿ ಓಟಿಪಿ ಮೇಲ್‌ಗೆ ಬರುತ್ತದೆ. ಕಂಪನಿಗಳು ಲೆಕ್ಕದ ಪುಸ್ತಕಗಳನ್ನು 8 ವರ್ಷ ಇಟ್ಟುಕೊಳ್ಳಬೇಕು. ಜಿಎಸ್‌ಟಿಗೆ ಸಂಬಂಧಿಸಿದವನ್ನು ವಾರ್ಷಿಕ ರಿಟರ್ನ್‌ನ ಗಡುವಿನಿಂದ 72 ತಿಂಗಳು. ಈ ಕಾಗದಪತ್ರದ ದೊಡ್ಡ ಪಾಲು ಇರುವುದು ಮೇಲ್‌ಬಾಕ್ಸಿನಲ್ಲೇ. ಎಷ್ಟೋ ಮಿಲ್ ಮಾಲೀಕರು ತಮ್ಮ ಮೇಲ್ ವಿಳಾಸದ ಜಾಗದಲ್ಲಿ ಆಡಿಟರ್ ಆಫೀಸಿನ ವಿಳಾಸವನ್ನೇ ಕೊಟ್ಟುಬಿಟ್ಟಿರುತ್ತಾರೆ. ಇದು ಸರಿಯಲ್ಲ, ಆದರೆ ಎಲ್ಲ ಊರಲ್ಲೂ ನಡೆಯುತ್ತದೆ.

ಸಮಸ್ಯೆ

ಸೆಪ್ಟೆಂಬರ್ ಕೊನೆಯ ವಾರ. 30ನೇ ತಾರೀಕು ಟ್ಯಾಕ್ಸ್ ಆಡಿಟ್ ರಿಪೋರ್ಟ್‌ಗೆ ಕೊನೆ ದಿನ. ಇಡೀ ಆಫೀಸು ರಾತ್ರಿ ಹನ್ನೊಂದರವರೆಗೆ ಕೂತಿರುವ ಕಾಲ ಅದು. ಒಂದು ಬೆಳಿಗ್ಗೆ ಹೊರಗೆ ಹೋಗುವ ಮೇಲ್ ನಿಂತುಹೋಯಿತು. ಮಧ್ಯಾಹ್ನದ ಹೊತ್ತಿಗೆ ಒಳಗೆ ಬರುವುದೂ ನಿಂತಿತು. ಲಾಗಿನ್ ಮಾಡಿದರೆ, ಉಚಿತ ಮೇಲ್‌ಬಾಕ್ಸ್ ಯೋಜನೆ ಮುಗಿದಿದೆ, ತಲಾ ಬಾಕ್ಸಿಗೆ ಇಷ್ಟು ಅಂತ ಕಟ್ಟಿ ಅನ್ನುವ ಪುಟ.

ಕೆದಕಿದಾಗ ಗೊತ್ತಾದದ್ದು ಇಷ್ಟು. ಆ ಸಣ್ಣ ಕಂಪನಿಯನ್ನು ಕೆಲವು ತಿಂಗಳ ಹಿಂದೆ ಒಂದು ದೊಡ್ಡ ಗುಂಪು ಕೊಂಡುಕೊಂಡಿತ್ತು. ಹೊಸ ಒಡೆಯರು ಉಚಿತದ್ದನ್ನು ಕಿತ್ತುಹಾಕಿದ್ದರು. ಮುಂಚಿತವಾಗಿ ತಿಳಿಸಲಿಲ್ಲ ಅನ್ನುವ ಹಾಗೂ ಇಲ್ಲ. ಎರಡು ಸಲ ತಿಳಿಸಿದ್ದರು. ಆದರೆ ಅದು ಹೋದದ್ದು ವೆಬ್‌ಸೈಟ್ ಮಾಡಿಕೊಟ್ಟ ಹುಡುಗನ ಮೇಲ್‌ಗೆ. ಅವನು ಊರು ಬಿಟ್ಟು ಪುಣೆಗೆ ಹೋಗಿ ಬೇರೆ ಕೆಲಸ ಹಿಡಿದಿದ್ದ.

ಇದೇ ಮೊದಲ ತಿರುವು. ಆಫೀಸಿನವರು ತಮ್ಮದು ಅಂದುಕೊಂಡಿದ್ದ ಡೊಮೈನ್ ಕಾಗದದ ಮೇಲೆ ಅವರದಾಗಿರಲಿಲ್ಲ. ಅಕೌಂಟ್ ಅವನ ಹೆಸರಿನಲ್ಲಿ, ನೋಂದಣಿ ಅವನ ಹೆಸರಿನಲ್ಲಿ, ಬಿಲ್ ಕೂಡ ಅವನ ಹೆಸರಿನಲ್ಲಿ. ಪ್ರತಿವರ್ಷ ದುಡ್ಡು ಮಾತ್ರ ಆಫೀಸಿನದು. ಲೆಕ್ಕ ನೋಡುವವರ ಮನೆಯಲ್ಲೇ ಹೀಗೆ.

ಮೊದಲು ಮಾಡಿದ್ದು, ಮಾಡದೆ ಬಿಟ್ಟದ್ದು

ಸಾರ್ ಅವರ ಮೊದಲ ಮಾತು, "ಎಲ್ಲರಿಗೂ ಒಂದೊಂದು ಜಿಮೇಲ್ ಮಾಡಿಸಿಬಿಡಮ್ಮ, ಸಂಜೆಯೊಳಗೆ ಮುಗಿಯುತ್ತೆ." ಮೇಡಂ ಒಪ್ಪಲಿಲ್ಲ. "ಚಿಕ್ಕಪ್ಪ, ನೂರಾರು ಕ್ಲೈಂಟ್‌ಗಳ ಫೈಲಲ್ಲಿ ನಮ್ಮ ವಿಳಾಸ ಇದೆ. ಇವತ್ತು ವಿಳಾಸ ಬದಲಾಯಿಸಿದ್ರೆ ನಾಳೆ ಬರೋ ನೋಟಿಸ್ ಎಲ್ಲಿಗೆ ಹೋಗುತ್ತೆ?"

ಹೊಸ ಒಡೆಯರು ಕೇಳಿದ ದುಡ್ಡನ್ನು ಸದ್ಯಕ್ಕೆ ತಿಂಗಳ ಲೆಕ್ಕದಲ್ಲಿ ಕಟ್ಟಿಬಿಡೋಣ ಅಂದೆ. ವರ್ಷದ ಪ್ಲಾನ್ ಬೇಡ. ಸಾರ್‌ಗೆ ಸಿಟ್ಟು ಬಂತು, ಅದು ನ್ಯಾಯವೇ. ಆದರೆ ಗಡುವಿನ ವಾರದಲ್ಲಿ ಮೇಲ್ ಸಾಗಿಸುವುದು ಇನ್ನೂ ದುಬಾರಿ ಆಗುತ್ತಿತ್ತು. ಪುಣೆಯ ಹುಡುಗ ಫೋನ್ ಎತ್ತಿದ, ಪಾಸ್‌ವರ್ಡ್ ಕೊಟ್ಟ, ಕಟ್ಟಿದೆವು. ಮೇಲ್ ಶುರುವಾಯಿತು. ಒಳ್ಳೆಯ ಹುಡುಗ. ಅವನು ಫೋನ್ ಎತ್ತದೇ ಇದ್ದಿದ್ದರೆ ಈ ಪ್ರಕರಣದ ಗತಿಯೇ ಬೇರೆ.

ಸೆಪ್ಟೆಂಬರ್ ಮುಗಿಯಿತು. ಅಕ್ಟೋಬರ್ 31ಕ್ಕೆ ಆಡಿಟ್ ಆದವರ ರಿಟರ್ನ್ ಮುಗಿಯಿತು. ಆಮೇಲೆ ಕೂತು ಯೋಚಿಸಲು ಪುರುಸೊತ್ತು ಸಿಕ್ಕಿತು.

ಯಾರನ್ನು ನಂಬುವುದು

ಮೇಲ್ ಕಂಪನಿ ಮಾರಾಟ ಆಗುವುದು ಹೊಸ ಸಂಗತಿಯೇನಲ್ಲ. ಬೆಂಗಳೂರಿನ ಸೇಂಟ್ ಜೋಸೆಫ್ಸ್‌ನಲ್ಲಿ ಓದಿದ ಸಬೀರ್ ಭಾಟಿಯಾ ತಮ್ಮ ಜೊತೆಗಾರ ಜಾಕ್ ಸ್ಮಿತ್ ಜೊತೆ 1996ರಲ್ಲಿ ಹಾಟ್‌ಮೇಲ್ ಶುರುಮಾಡಿದರು. ಮುಂದಿನ ವರ್ಷದ ಕೊನೆಗೆ ಅದು ಮೈಕ್ರೋಸಾಫ್ಟ್ ಪಾಲಾಯಿತು. ಯಾಹೂ 2017ರಲ್ಲಿ ವೆರಿಝಾನ್‌ಗೆ ಹೋಯಿತು, 2021ರಲ್ಲಿ ಅಪೊಲೊ ಅನ್ನುವ ಹೂಡಿಕೆ ಸಂಸ್ಥೆಗೆ. ಯಾಹೂ ವ್ಯವಹಾರವನ್ನು ನಮ್ಮ ಸಾರ್ ಬಹಳ ಆಸಕ್ತಿಯಿಂದ ಕೇಳಿಸಿಕೊಂಡರು. ಹಳೆಯ ಡೇಟಾ ಕಳವುಗಳು ಹೊರಬಿದ್ದಾಗ ವೆರಿಝಾನ್ 35 ಕೋಟಿ ಡಾಲರ್ ಕಡಿಮೆ ಮಾಡಿಸಿತು. ವ್ಯವಹಾರ ಮುಗಿದ ಮೇಲೆ, 2017ರ ಅಕ್ಟೋಬರ್‌ನಲ್ಲಿ, 2013ರ ಕಳವಿನಲ್ಲಿ ಹೋದದ್ದು ಇದ್ದಬದ್ದ 300 ಕೋಟಿ ಅಕೌಂಟ್‌ಗಳ ಮಾಹಿತಿಯೂ ಅಂತ ಹೇಳಿದರು. ಕೊಂಡವರಿಗೇ ಪೂರ್ತಿ ಗೊತ್ತಿಲ್ಲ ಅಂದ ಮೇಲೆ ಬಳಸುವವರಿಗೆ ಎಲ್ಲಿಂದ ಗೊತ್ತಾಗಬೇಕು? 2021ರ ಜನವರಿಯಿಂದ ಯಾಹೂದ ಉಚಿತ ಅಕೌಂಟ್‌ಗಳಲ್ಲಿ ಮೇಲ್ ತಾನಾಗಿ ಬೇರೆ ಕಡೆ ಫಾರ್ವರ್ಡ್ ಆಗುವ ಸೌಲಭ್ಯವೂ ನಿಂತಿತು. ಬಿಟ್ಟುಹೋಗಬೇಕು ಅನ್ನುವವರಿಗೆ ಬೇಕಾಗಿದ್ದೇ ಅದು.

"ಗೂಗಲ್ ಮಾರಾಟ ಆಗಲ್ವಲ್ಲ, ಅದೇ ಇರಲಿ" ಅಂದರು ಸಾರ್. ಈ ವಾದವನ್ನು ತುಂಬಾ ಜನ ಹೇಳುತ್ತಾರೆ. ಒಡೆಯ ಬದಲಾಗದೆ ನಿಯಮ ಬದಲಾಗಬಹುದು ಅಂತ ಗೂಗಲೇ ತೋರಿಸಿದೆ. ಸ್ವಂತ ಡೊಮೈನ್ ಇಟ್ಟುಕೊಂಡು ಗೂಗಲ್‌ನ ಜಿ ಸೂಟ್ ಅನ್ನುವ ಆಫೀಸ್ ಮೇಲ್ ಸೇವೆಯನ್ನು ಉಚಿತವಾಗಿ ಬಳಸುತ್ತಿದ್ದ ಹಳಬರಿಗೆ 2022ರಲ್ಲಿ ದುಡ್ಡು ಕಟ್ಟಿ ಅಂದರು. ಗಲಾಟೆಯಾದ ಮೇಲೆ ಮನೆ ಬಳಕೆಯವರಿಗೆ ಮಾತ್ರ ಉಚಿತವಾಗಿ ಉಳಿಸಿದರು. ಇನ್ನು ಗೂಗಲ್ ಡೊಮೈನ್ಸ್ ವ್ಯವಹಾರವನ್ನು ಸ್ಕ್ವೇರ್‌ಸ್ಪೇಸ್ ಕೊಂಡಿದ್ದು ನಮ್ಮ ಕಥೆ ನಡೆದ ಅದೇ 2023ರಲ್ಲಿ. ಕಂಪನಿ ಮಾರಾಟವಾಗದೆ ಅದರ ಒಂದು ವಿಭಾಗ ಮಾರಾಟವಾಗಬಹುದು.

ಎರಡನೇ ತಿರುವು ಬಂದದ್ದು ಸಾರ್ ಅವರಿಂದಲೇ. ನಾನು ಎನ್‌ಕ್ರಿಪ್ಷನ್ (ಬೇರೆಯವರು ಓದಲಾಗದಂತೆ ಮೇಲ್ ಅನ್ನು ಗೂಢಲಿಪಿ ಮಾಡುವುದು), ಸರ್ವರ್ ಯಾವ ದೇಶದಲ್ಲಿದೆ, ಜಾಹೀರಾತು ಇದೆಯೇ ಇಲ್ಲವೇ ಅಂತ ಒಂದು ಪಟ್ಟಿ ತಂದಿದ್ದೆ. ಅವರು ಅದನ್ನು ಬದಿಗಿಟ್ಟರು. "ಇದೆಲ್ಲ ನೀನು ನೋಡ್ಕೋ. ನನಗೆ ಮೂರು ಹೇಳು. ಬಂಡವಾಳ ಯಾರದ್ದು? ಅವರು ಯಾವಾಗ ವಾಪಸ್ ಕೇಳ್ತಾರೆ? ತಿಂಗಳ ಖರ್ಚು ಯಾರ ದುಡ್ಡಲ್ಲಿ ನಡೀತಿದೆ?"

ಮಿಲ್‌ಗೆ ಸಾಲ ಕೊಡುವ ಮುಂಚೆ ಬ್ಯಾಂಕು ನೋಡುವ ರೀತಿ ಇದು. ಮೇಲ್ ಕಂಪನಿಗೆ ಇದಕ್ಕಿಂತ ಒಳ್ಳೆಯ ಅಳತೆ ನಾನು ಬೇರೆ ನೋಡಿಲ್ಲ. ಹೊಸ ಕಂಪನಿಗಳಲ್ಲಿ ದುಡ್ಡು ಹಾಕುವ ವೆಂಚರ್ ಕ್ಯಾಪಿಟಲ್ ನಿಧಿಗಳಿಗೆ ಸಾಮಾನ್ಯವಾಗಿ ಹತ್ತು ವರ್ಷದ ಆಯಸ್ಸು. ಅಷ್ಟರೊಳಗೆ ಅವರು ಹಾಕಿದ ದುಡ್ಡು ಬೆಳೆದು ವಾಪಸ್ ಬರಬೇಕು. ಬರುವ ದಾರಿ ಎರಡೇ: ಷೇರು ಮಾರುಕಟ್ಟೆಗೆ ಹೋಗುವುದು, ಇಲ್ಲವೇ ಯಾರಿಗಾದರೂ ಮಾರುವುದು. ಮೇಲ್ ಸೇವೆಯಂಥ ಸಣ್ಣ ಲಾಭದ ವ್ಯವಹಾರದಲ್ಲಿ ಎರಡನೆಯದೇ ಜಾಸ್ತಿ. ಸಂಸ್ಥಾಪಕರು ಸುಳ್ಳುಗಾರರು ಅಂತ ಇದರರ್ಥವಲ್ಲ. 'ನಿಮ್ಮ ಖಾಸಗಿತನ ಕಾಪಾಡುತ್ತೇವೆ' ಅನ್ನುವಾಗ ಅವರು ಮನಸಾರೆ ಹೇಳುತ್ತಿರಬಹುದು. ಆದರೆ ಆ ಮಾತು ಮುಂದಿನ ಒಡೆಯನನ್ನು ಕಟ್ಟಿಹಾಕುವುದಿಲ್ಲ.

ಮೇಡಂ ಅವರ ಮಗ ಆಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ. ಅವನು ಹೇಳಿದ್ದು ಸ್ಕಿಫ್ ಅನ್ನುವ ಹೊಸ ಸೇವೆ. ಪೂರ್ತಿ ಎನ್‌ಕ್ರಿಪ್ಟ್ ಆದ ಮೇಲ್, ನೋಡಲು ಚೆಂದ, ಸ್ವಂತ ಡೊಮೈನ್ ಉಚಿತವಾಗಿ ಜೋಡಿಸಬಹುದು. ಸಿಕೋಯಾದಂಥ ದೊಡ್ಡ ಹೂಡಿಕೆದಾರರು ದುಡ್ಡು ಹಾಕಿದ್ದರು. ಹುಡುಗನಿಗೆ ಅದೇ ನಂಬಿಕೆಯ ಗುರುತು. ಸಾರ್‌ಗೆ ಅದೇ ಅನುಮಾನದ ಗುರುತು. ನಿಜ ಹೇಳಬೇಕೆಂದರೆ ನಾವು ಅದನ್ನು ಕೈಬಿಟ್ಟದ್ದು ಬೇರೆ ಕಾರಣಕ್ಕೆ. ಅದರಲ್ಲಿ ಐಮ್ಯಾಪ್ ಇರಲಿಲ್ಲ. ಅಂದರೆ ಔಟ್‌ಲುಕ್, ಥಂಡರ್‌ಬರ್ಡ್‌ನಂಥ ಸಾಫ್ಟ್‌ವೇರ್‌ಗಳಲ್ಲಿ ತೆರೆಯಲು ಆಗುತ್ತಿರಲಿಲ್ಲ. ಆಫೀಸಿನ ಕೆಲಸವೆಲ್ಲ ಥಂಡರ್‌ಬರ್ಡ್‌ನಲ್ಲಿ. 2024ರ ಫೆಬ್ರವರಿಯಲ್ಲಿ ನೋಷನ್ ಕಂಪನಿ ಸ್ಕಿಫ್ ಅನ್ನು ಕೊಂಡಿತು. ಆರು ತಿಂಗಳಲ್ಲಿ ಸೇವೆ ಮುಚ್ಚುತ್ತೇವೆ ಅಂತ ಆಗಲೇ ಹೇಳಿದರು. ಸ್ಕಿಫ್ ವಿಳಾಸಕ್ಕೆ ಬರುವ ಮೇಲ್ ಒಂದು ವರ್ಷ ಮಾತ್ರ ಬೇರೆ ಕಡೆ ಕಳಿಸುತ್ತೇವೆ ಅಂದರು. ಸ್ವಂತ ಡೊಮೈನ್ ಇಟ್ಟವರು ಎದ್ದು ಬೇರೆ ಕಡೆ ಹೋದರು. ಸ್ಕಿಫ್‌ನದೇ ವಿಳಾಸ ಎಲ್ಲ ಕಡೆ ಕೊಟ್ಟವರು ಒಂದೊಂದು ಬಾಗಿಲಿಗೂ ಹೋಗಿ ವಿಳಾಸ ಬದಲಾಯಿಸಬೇಕಾಯಿತು.

ಹಾಗಂತ ಮಾರಾಟವಾದದ್ದೆಲ್ಲ ಕೆಟ್ಟಿತು ಅನ್ನುವಂತಿಲ್ಲ. ಆಸ್ಟ್ರೇಲಿಯಾದ ಫಾಸ್ಟ್‌ಮೇಲ್ ಶುರುವಾದದ್ದು 1999ರಲ್ಲಿ. 2010ರಲ್ಲಿ ನಾರ್ವೆಯ ಒಪೆರಾ ಅದನ್ನು ಕೊಂಡಿತು. 2013ರಲ್ಲಿ ಅಲ್ಲಿನ ಕೆಲಸಗಾರರೇ ವಾಪಸ್ ಕೊಂಡುಕೊಂಡರು. ಎರಡು ಸಲ ಕೈಬದಲಾದರೂ ಸೇವೆ ನಿಲ್ಲಲಿಲ್ಲ. ಯಾಕೆ? ಅದರ ಖರ್ಚು ನಡೆಯುತ್ತಿದ್ದದ್ದು ಗ್ರಾಹಕರು ಕಟ್ಟುವ ಚಂದಾದಿಂದ. ಸಾರ್ ಅವರ ಮೂರನೇ ಪ್ರಶ್ನೆಗೆ ಉತ್ತರ ಅಲ್ಲಿತ್ತು.

ಸ್ವಿಟ್ಜರ್ಲೆಂಡಿನ ಪ್ರೋಟಾನ್ ಕೂಡ ಪಟ್ಟಿಯಲ್ಲಿತ್ತು. ಅದರಲ್ಲಿ ಥಂಡರ್‌ಬರ್ಡ್ ಬಳಸಬೇಕಾದರೆ ಪ್ರತಿ ಕಂಪ್ಯೂಟರ್‌ಗೂ 'ಬ್ರಿಡ್ಜ್' ಅನ್ನುವ ಇನ್ನೊಂದು ಸಾಫ್ಟ್‌ವೇರ್ ಹಾಕಬೇಕು. ಆರ್ಟಿಕಲ್ ಹುಡುಗರು ಬರುತ್ತಾರೆ, ಹೋಗುತ್ತಾರೆ. ಅಷ್ಟು ಉಸಾಬರಿ ಬೇಡ ಅನ್ನಿಸಿತು. 2024ರ ಜೂನ್‌ನಲ್ಲಿ ಪ್ರೋಟಾನ್‌ನವರು ಲಾಭದ ಉದ್ದೇಶವಿಲ್ಲದ ಒಂದು ಫೌಂಡೇಶನ್ ಮಾಡಿ ಅದನ್ನೇ ಮುಖ್ಯ ಷೇರುದಾರನನ್ನಾಗಿ ಮಾಡಿದರು. ಸುಲಭಕ್ಕೆ ಮಾರಾಟವಾಗದಂತೆ ಹಾಕಿಕೊಂಡ ಬೀಗ ಅದು. ನಾವು ಆರಿಸುವಾಗ ಅದು ಇದ್ದಿದ್ದರೆ ಚರ್ಚೆ ಇನ್ನೂ ಉದ್ದ ಆಗುತ್ತಿತ್ತೇನೋ.

ಕೊನೆಗೆ ಆರಿಸಿದ್ದು ಚೆನ್ನೈನ ಝೋಹೋ, ದುಡ್ಡು ಕಟ್ಟುವ ಪ್ಲಾನ್. 1996ರಿಂದ ಇರುವ ಕಂಪನಿ, ಹೊರಗಿನ ಹೂಡಿಕೆದಾರರಿಲ್ಲ, ಮೇಲ್ ಒಂದನ್ನೇ ನೆಚ್ಚಿಕೊಂಡಿಲ್ಲ. ಐಮ್ಯಾಪ್ ಇದೆ. ರೂಪಾಯಿ ಬಿಲ್, ಜಿಎಸ್‌ಟಿ ಇನ್‌ವಾಯ್ಸ್, ಇನ್‌ಪುಟ್ ಕ್ರೆಡಿಟ್ (ಕಟ್ಟಿದ ಜಿಎಸ್‌ಟಿಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವುದು) ಸಿಗುತ್ತದೆ. ಆಡಿಟರ್‌ಗೆ ಇದು ಸಣ್ಣ ವಿಷಯವಲ್ಲ! ಆದರೆ ಮೇಡಂ ಒಂದು ಆಕ್ಷೇಪ ಎತ್ತಿದರು. "ಹೊರಗಿನವರಿಲ್ಲ ಅಂದ್ರೆ ಒಂದೇ ಮನೆಯವರ ಕೈಲಿದೆ ಅಂತ ತಾನೆ? ನಮ್ಮ ಕ್ಲೈಂಟ್‌ಗಳಲ್ಲಿ ಎಷ್ಟು ಮನೆ ಪಾಲಾಗಿದ್ದು ನೋಡಿಲ್ಲ ನಾವು?" ಇದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಹಾಗಾಗಿ ಒಪ್ಪಂದ ಹೀಗಾಯಿತು: ಯಾವ ಕಂಪನಿಯನ್ನೂ ಕಾಯಂ ಅಂದುಕೊಳ್ಳುವುದು ಬೇಡ. ಮತ್ತೊಮ್ಮೆ ಹೊರಡಬೇಕಾದರೆ ಒಂದು ವಾರಾಂತ್ಯದಲ್ಲಿ ಹೊರಡುವಂತೆ ಎಲ್ಲವನ್ನೂ ಇಟ್ಟುಕೊಳ್ಳೋಣ.

ಸಾಗಿಸಿದ ಬಗೆ

ಎಲ್ಲಕ್ಕಿಂತ ಮೊದಲು ಡೊಮೈನ್ ಆಫೀಸಿನ ಹೆಸರಿಗೆ ಬಂತು. ಡಾಟ್ ಕಾಮ್ ಡೊಮೈನ್‌ಗಳಲ್ಲಿ ನೋಂದಣಿದಾರರ ಹೆಸರು ಬದಲಾಯಿಸಿದರೆ ಸಾಮಾನ್ಯವಾಗಿ 60 ದಿನ ಬೇರೆ ರಿಜಿಸ್ಟ್ರಾರ್‌ಗೆ (ಡೊಮೈನ್ ನೋಂದಾಯಿಸುವ ಕಂಪನಿಗೆ) ಸಾಗಿಸಲು ಬಿಡುವುದಿಲ್ಲ. ಮೇಡಂಗೆ ಗಾಬರಿಯಾಯಿತು, ಎರಡು ತಿಂಗಳು ಅದೇ ಕಂಪನಿಯಲ್ಲಿ ಸಿಕ್ಕಿಹಾಕಿಕೊಂಡೆವಾ ಅಂತ. ಹಾಗಲ್ಲ. ಡೊಮೈನ್ ಎಲ್ಲಿ ನೋಂದಣಿಯಾಗಿದೆ ಅನ್ನುವುದೇ ಬೇರೆ, ಮೇಲ್ ಎಲ್ಲಿಗೆ ಬರಬೇಕು ಅನ್ನುವುದೇ ಬೇರೆ. ಎರಡನೆಯದನ್ನು ಹೇಳುವುದು ಎಂಎಕ್ಸ್ ರೆಕಾರ್ಡ್. ಅದನ್ನು ಯಾವತ್ತು ಬೇಕಾದರೂ ಬದಲಾಯಿಸಬಹುದು.

ಇಲ್ಲಿ ಒಂದು ಗಂಟು ಕಣ್ಣಿಗೆ ಬಿತ್ತು. ಅಕೌಂಟ್ ಆಫೀಸಿನ ಹೆಸರಿಗೆ ಮಾಡುವಾಗ ಲಾಗಿನ್‌ಗೆ ಆಫೀಸಿನ ಮೇಲ್ ವಿಳಾಸವನ್ನೇ ಕೊಡಲು ಹೊರಟಿದ್ದರು. ಮೇಲ್ ನಿಂತ ದಿನ ಡೊಮೈನ್ ಅಕೌಂಟಿನ ಪಾಸ್‌ವರ್ಡ್ ಮರೆತರೆ, ಅದನ್ನು ಸರಿಮಾಡುವ ಲಿಂಕ್ ನಿಂತುಹೋದ ಮೇಲ್‌ಗೇ ಹೋಗುತ್ತದೆ. ಆದ್ದರಿಂದ ಆ ಒಂದು ಲಾಗಿನ್‌ಗೆ ಮಾತ್ರ ಬೇರೆ ಕಡೆಯ ವಿಳಾಸ ಇಟ್ಟೆವು.

ನವೆಂಬರ್ 20ಕ್ಕೆ 3ಬಿ ಅನ್ನುವ ಜಿಎಸ್‌ಟಿಯ ತಿಂಗಳ ರಿಟರ್ನ್‌ಗಳು ಮುಗಿದವು. ಅದರ ನಂತರದ ಶನಿವಾರ ಸಾಗಾಟ. ಹಿಂದಿನ ದಿನವೇ ಡಿಎನ್‌ಎಸ್‌ನ (ಎಂಎಕ್ಸ್‌ನಂಥ ರೆಕಾರ್ಡ್‌ಗಳಿರುವ ಇಂಟರ್ನೆಟ್ಟಿನ ವಿಳಾಸ ಪುಸ್ತಕದ) ಟಿಟಿಎಲ್ ಅನ್ನು, ಅಂದರೆ ಬೇರೆ ಸರ್ವರ್‌ಗಳು ಹಳೆಯ ಉತ್ತರವನ್ನು ನೆನಪಿಟ್ಟುಕೊಳ್ಳುವ ಅವಧಿಯನ್ನು, ಐದು ನಿಮಿಷಕ್ಕೆ ಇಳಿಸಿದ್ದೆವು. ಬದಲಾವಣೆ ಬೇಗ ಹರಡಲಿ ಅಂತ. ಹಳೆಯ ಮೇಲ್‌ಗಳನ್ನು ಐಮ್ಯಾಪ್ ಮೂಲಕ ಫೋಲ್ಡರ್ ಸಮೇತ ನಕಲು ಮಾಡಿದೆವು. ಇದು ನಿಧಾನದ ಕೆಲಸ. ವರ್ಷಗಳ ಬ್ಯಾಲೆನ್ಸ್ ಶೀಟ್ ಪಿಡಿಎಫ್‌ಗಳು, ಸ್ಕ್ಯಾನ್ ಮಾಡಿದ ಬಿಲ್ಲುಗಳು. ಭಾನುವಾರವೂ ನಡೆಯಿತು.

ಸೋಮವಾರ ಒಳಗೆ ಬರುವ ಮೇಲ್ ಸರಿಯಿತ್ತು. ಹೊರಗೆ ಹೋದವು ಮಾತ್ರ ಅನೇಕರ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದವು. ನೋಡಿದರೆ ಡೊಮೈನ್‌ನಲ್ಲಿ ಹಳೆಯ ಎಸ್‌ಪಿಎಫ್ ರೆಕಾರ್ಡ್ ಹಾಗೇ ಇತ್ತು, ಅದರ ಪಕ್ಕದಲ್ಲಿ ಹೊಸದು. ಈ ಡೊಮೈನ್ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರ್‌ಗೆ ಹಕ್ಕಿದೆ ಅಂತ ಹೇಳುವುದು ಎಸ್‌ಪಿಎಫ್. ಒಂದು ಡೊಮೈನ್‌ಗೆ ಅದು ಒಂದೇ ಇರಬೇಕು. ಎರಡಿದ್ದರೆ ಎರಡೂ ಲೆಕ್ಕಕ್ಕಿಲ್ಲ. ಹಳೆಯದನ್ನು ತೆಗೆದು, ಮೇಲ್ ನಮ್ಮದೇ ಅಂತ ತೋರಿಸುವ ಡಿಕಿಮ್ ಸಹಿ ಜೋಡಿಸಿ, ತಪಾಸಣೆಯಲ್ಲಿ ಸೋತ ಮೇಲ್ ಅನ್ನು ಏನು ಮಾಡಬೇಕು ಅಂತ ಹೇಳುವ ಡಿಮಾರ್ಕ್ ಅನ್ನು ಮೊದಲು ಬರೀ ನೋಡುವ ಮಟ್ಟದಲ್ಲಿ ಇಟ್ಟ ಮೇಲೆ ಸರಿಹೋಯಿತು. 2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಎರಡೂ ಈ ವಿಷಯದಲ್ಲಿ ಇನ್ನೂ ಬಿಗಿಯಾಗಿವೆ.

ನಿಜವಾದ ಅಪಾಯ ಯಾರೂ ಯೋಚಿಸದ ಕಡೆ ಇತ್ತು. ಒಂದು ರೈಸ್ ಮಿಲ್‌ನವರು ಫೋನ್ ಮಾಡಿ, "ಮೇಡಂ, ನೋಟಿಸ್ ಕಾಪಿ ಕಳಿಸಿ ವಾರ ಆಯ್ತು, ನೀವು ಏನೂ ಹೇಳ್ಲಿಲ್ಲ" ಅಂದರು. ಇಲ್ಲಿ ಬಂದೇ ಇರಲಿಲ್ಲ. ಅವರಿಗೆ ವಾಪಸ್ ಬೌನ್ಸ್ ಕೂಡ ಆಗಿರಲಿಲ್ಲ. ಆ ಮಿಲ್‌ನ ವೆಬ್‌ಸೈಟ್ ಮಾಡಿದ್ದೂ ಅದೇ ಪುಣೆ ಹುಡುಗ, ಅವರ ಮೇಲ್ ಇದ್ದದ್ದೂ ಅದೇ ಹಳೆಯ ಕಂಪನಿಯಲ್ಲಿ. ಆ ಕಂಪನಿಯ ಸರ್ವರ್‌ಗೆ ನಮ್ಮ ಆಫೀಸಿನ ಡೊಮೈನ್ ಇನ್ನೂ ತನ್ನದೇ ಅನ್ನುವ ನೆನಪು. ಹೊರಗೆ ಎಂಎಕ್ಸ್ ಏನು ಹೇಳುತ್ತದೆ ಅಂತ ನೋಡದೆ, ಒಳಗಿಂದೊಳಗೇ ಹಳೆಯ ಬಾಕ್ಸಿಗೆ ಹಾಕಿಬಿಟ್ಟಿತ್ತು. ತಿಂಗಳ ಪ್ಲಾನ್ ಇನ್ನೂ ಚಾಲ್ತಿಯಲ್ಲಿದ್ದ ಕಾರಣ ತೆರೆದು ನೋಡಲು ಸಾಧ್ಯವಾಯಿತು. ನೋಟಿಸ್ ಅಲ್ಲೇ ಕೂತಿತ್ತು, ಗಡುವಿಗೆ ಇನ್ನೂ ಸಮಯವಿತ್ತು. ಸಿಟ್ಟಿನಲ್ಲಿ ಸಾಗಾಟದ ಮರುದಿನವೇ ಆ ಅಕೌಂಟ್ ಮುಚ್ಚಿಸಿದ್ದರೆ ಆ ಕಾಗದ ಸಿಗುತ್ತಿರಲಿಲ್ಲ. ಉಳಿದದ್ದನ್ನೆಲ್ಲ ಎತ್ತಿಕೊಂಡು, ಹಳೆಯ ಸರ್ವರ್‌ನಿಂದ ಡೊಮೈನ್‌ನ ಮೇಲ್ ವ್ಯವಸ್ಥೆಯನ್ನೇ ಅಳಿಸಿದ ಮೇಲೆ ಮಿಲ್‌ನ ಮೇಲ್ ನೇರವಾಗಿ ಬರತೊಡಗಿತು.

ಆಮೇಲೆ

ಮೇಡಂ ಈ ನೆಪದಲ್ಲಿ ಇನ್ನೊಂದು ಕೆಲಸ ಶುರುಮಾಡಿದರು. ಆಫೀಸಿನ ವಿಳಾಸ ಕೊಟ್ಟಿರುವ ಕ್ಲೈಂಟ್‌ಗಳ ಹೆಸರಿನಲ್ಲಿ ಅವರದೇ ಮೇಲ್ ವಿಳಾಸ ಹಾಕಿಸುವುದು. ಆದಾಯ ತೆರಿಗೆ ಪೋರ್ಟಲ್‌ನಲ್ಲಿ ಎರಡನೇ ವಿಳಾಸಕ್ಕೂ ಜಾಗವಿದೆ, ಆಫೀಸಿನದನ್ನು ಅಲ್ಲಿ ಇಟ್ಟರು. ಜಿಎಸ್‌ಟಿಯಲ್ಲಿ ಅದಕ್ಕೆ ನಾನ್-ಕೋರ್ ಅನ್ನುವ ಸಣ್ಣ ವಿವರಗಳ ತಿದ್ದುಪಡಿ ಹಾಕಬೇಕು. ಮಂಡಿಯ ಹಿರಿಯರೊಬ್ಬರು, "ನಂಗೆ ಯಾಕಮ್ಮ ಇಮೇಲು, ನೀವಿದೀರಲ್ಲ" ಅಂತ ಇವತ್ತಿಗೂ ಒಪ್ಪಿಲ್ಲ.

ಹಳೆಯ ರೆಡಿಫ್‌ಮೇಲ್ ವಿಳಾಸದ ಪ್ರಶ್ನೆಯೂ ಬಂತು. 2024ರಲ್ಲಿ ಗುಜರಾತಿನ ಇನ್ಫಿಬೀಮ್ ಅವೆನ್ಯೂಸ್ ರೆಡಿಫ್‌ನ 54% ಪಾಲು ಕೊಳ್ಳುತ್ತಿದೆ ಅನ್ನುವ ಸುದ್ದಿ ಓದಿ ಸಾರ್ ಫೋನ್ ಮಾಡಿದರು, ಮುಚ್ಚಿಬಿಡೋಣವೇ ಅಂತ. ಬೇಡ ಅಂದೆ. ಬಳಸದೆ ಬಿಟ್ಟ ವಿಳಾಸ ಇನ್ನೊಬ್ಬರ ಪಾಲಾದರೆ ಏನಾಗುತ್ತದೆ ಅಂತ ಯಾಹೂ 2013ರಲ್ಲಿ ತೋರಿಸಿದೆ. ಆಗ ಅದು ಬಳಕೆಯಲ್ಲಿಲ್ಲದ ಐಡಿಗಳನ್ನು ಹೊಸಬರಿಗೆ ಹಂಚಿತು. ಹಳಬರ ಖಾಸಗಿ ಪತ್ರಗಳು ಹೊಸಬರ ಬಾಕ್ಸಿಗೆ ಬಂದವು ಅಂತ ದೂರುಗಳಿದ್ದವು. ರೆಡಿಫ್ ಹಾಗೆ ಮಾಡುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಸಾರ್ ಅವರ ಹಳೆಯ ಪಾಲಿಸಿಗಳು, ಡಿಮ್ಯಾಟ್ ಖಾತೆ ಇನ್ನೂ ಆ ವಿಳಾಸದಲ್ಲೇ ಇವೆ. ಅವನ್ನೆಲ್ಲ ಬಿಡಿಸಿಕೊಳ್ಳುವವರೆಗೆ ಆಗಾಗ ಲಾಗಿನ್ ಆಗುತ್ತಿರಿ ಅಂತ ಹೇಳಿದ್ದೇನೆ.

ಡೊಮೈನ್ ಈಗ ಬೇರೆ ರಿಜಿಸ್ಟ್ರಾರ್ ಹತ್ತಿರ ಇದೆ, ಹಲವು ವರ್ಷಕ್ಕೆ ಒಟ್ಟಿಗೆ ಕಟ್ಟಿದ್ದಾರೆ. ಪ್ರತಿ ತಿಂಗಳು 20ರ ಗಡುವು ಮುಗಿದ ಮೇಲೆ ಎಲ್ಲ ಮೇಲ್‌ಗಳ ನಕಲು ಆಫೀಸಿನ ಹಾರ್ಡ್ ಡಿಸ್ಕಿಗೆ ಇಳಿಯುತ್ತದೆ. 2025ರ ಜನವರಿಯಲ್ಲಿ ಶ್ರೀಧರ್ ವೆಂಬು ಝೋಹೋ ಸಿಇಒ ಸ್ಥಾನ ಬಿಟ್ಟು ಮುಖ್ಯ ವಿಜ್ಞಾನಿಯಾದರು. ಶೈಲೇಶ್ ಕುಮಾರ್ ದವೆ ಆ ಜಾಗಕ್ಕೆ ಬಂದರು. ಮೇಡಂ ಆ ಸುದ್ದಿಯನ್ನು ನನಗೆ ವಾಟ್ಸಾಪ್‌ನಲ್ಲಿ ಕಳಿಸಿ, "ನೋಡ್ತಾ ಇರಿ" ಅಂತ ಬರೆದರು. ಒಡೆತನ ಬದಲಾಗಿಲ್ಲ, ಕುರ್ಚಿ ಮಾತ್ರ ಅಂತ ಉತ್ತರ ಕೊಟ್ಟೆ. ಆ ತಿಂಗಳ ನಕಲು ಸರಿಯಾಗಿ ತೆರೆಯುತ್ತಿದೆಯೇ ಅಂತ ಮಾತ್ರ ಒಮ್ಮೆ ಪರೀಕ್ಷಿಸಿಬಿಟ್ಟೆವು. ತೆರೆಯಿತು.